ಫ್ರೋಬೆಲನೂ ಅವನ ಆರು ಬಣ್ಣದ ಚೆಂಡುಗಳೂ

ನಮ್ಮ ಹಳ್ಳಿಗಳಲ್ಲಿ ಈಗ ನಾಲ್ಕು ವರುಷದ ಮಗುವನ್ನು ಯಾವ ತರಗತಿಗೆ ಕಳುಹಿಸುತ್ತೀರೆಂದು ವಿಚಾರಿಸಿದರೆ ಎಲ್.ಕೆ.ಜಿ. ಎಂತಲೋ ಯು.ಕೆ.ಜಿ. ಎಂತಲೋ ತಾಯಿತಂದೆಗಳು ಹೆಮ್ಮೆಯಿಂದ ಹೇಳುವದುಂಟು. ಈ ಅಕ್ಷರಗಳೊಳಗೆ ಅಡಗಿಕೊಂಡಿರುವ ಕಿಂಡರ್‌ಗಾರ್ಟನ್ ಎಂಬ ಮಾತು ಜರ್ಮನ್ ಭಾಷೆಯದು. ಮಕ್ಕಳ ತೋಟವೆಂಬದು ಅದರ ಅರ್ಥ. ಆ ಹೆಸರನ್ನಿಟ್ಟ ಫ್ರೆಡ್ರಿಕ್ ಫ್ರೋಬೆಲನು ಚಿಕ್ಕ ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಹಲಗೆಯನ್ನಲ್ಲ, ಬಳಪವನ್ನಲ್ಲ, ಪುಸ್ತಕವನ್ನಂತೂ ಅಲ್ಲವೇ ಅಲ್ಲ. ಉಣ್ಣೆಯ ಹೊದಿಕೆಯುಳ್ಳ ಆರು ಬಣ್ಣದ ಆರು ಚೆಂಡುಗಳನ್ನು ಕೊಟ್ಟನು. ಅವನ್ನು ಮಗುವಿನ ಮುಂದೆ ಮೊದಲು ಆಡಿಸತಕ್ಕವಳು ಮನೆಯಲ್ಲಿರುವ ತಾಯಿಯೇ ಎಂಬದು ಆತನ ನಿಶ್ಚಯವಾಗಿತ್ತು. ಹೆತ್ತ ತಾಯಿಯ ಮುಖದ ನೆನಪೇ ಇಲ್ಲದೆ ಬೆಳೆದವನೊಬ್ಬನು ಇಂಥ ನಿಶ್ಚಯಕ್ಕೆ ಬಂದ ಬಗೆಯನ್ನು ನಮ್ಮ ವಾಚಕರಿಗೆ, ವಿಶೇಷವಾಗಿ ಸೊಂಟದ ಮೇಲೆ ಕೂಸುಳ್ಳ ತಾಯಂದಿರಿಗೆ, ತಿಳಿಸಬೇಕೆಂದು ಈ ಚರಿತ್ರೆಯನ್ನು ಬರೆಯುತ್ತೇವೆ.

ಜರ್ಮನಿ ದೇಶದ ನಡುಭಾಗದಲ್ಲಿ ತುರಿಂಗಿಯಾ ಎಂಬ ಕಾಡುಬೆಟ್ಟಗಳ ಸೀಮೆಯುಂಟು. ಅಲ್ಲಿಯ ಓಬರ್‌ವೈಸ್‌ಬಾಖ್ ಎಂಬ ಗ್ರಾಮದಲ್ಲಿ ೧೭೮೨ನೆಯ ಇಸವಿ ಏಪ್ರಿಲ್ ೨೧ರಂದು ಫ್ರೋಬೆಲನು ಹುಟ್ಟಿದನು. ತಂದೆಯು ಲೂಥರನ್ ಸಭೆಯ ಬೋಧಕನು. ಸುತ್ತಣ ಹಲವು ಹಳ್ಳಿಗಳ ಸಾವಿರಾರು ಜನರ ಪಾಲನೆಯು ಅವನೊಬ್ಬನ ಮೇಲೆಯೇ ಬಿದ್ದಿದ್ದದರಿಂದ, ಮನೆಯಲ್ಲಿ ಕೂತು ಮಗನ ಸಂಗಡ ಮಾತಾಡುವದಕ್ಕೆ ಅವನಿಗೆ ಸಮಯ ಸಿಕ್ಕುತ್ತಿರಲಿಲ್ಲ. ಕೂಸಿಗೆ ಒಂಬತ್ತು ತಿಂಗಳಾಗಿದ್ದಾಗ ತಾಯಿ ತೀರಿಕೊಂಡಳು. ಆಳುಗಳ ಕೈಯಲ್ಲಿಯೂ ಅಣ್ಣಂದಿರ ಕೈಯಲ್ಲಿಯೂ ಬೆಳೆದ ಹುಡುಗನಿಗೆ ೧೭೮೫ರಲ್ಲಿ ಮಲತಾಯಿ ಬಂದಳು. ಆಕೆಯು ಮೊದಮೊದಲು ಅವನನ್ನು ಪ್ರೀತಿಯಿಂದಲೇ ಕಂಡಳು; ಹುಡುಗನೂ ತನಗೆ ತಾಯಿ ಸಿಕ್ಕಿದಳೆಂದು ಸಂತೋಷದಿಂದ ಆಕೆಯನ್ನು ಹಿಂಬಾಲಿಸಿದನು. ಆದರೆ ತನ್ನ ಹೊಟ್ಟೆಯಲ್ಲಿ ಗಂಡುಮಗು ಹುಟ್ಟಿದ ಮೇಲೆ ಆಕೆಯ ಮನಸ್ಸು ತಿರುಗಿತು. ಮನೆಮಕ್ಕಳನ್ನು ನೀನೆಂದು ಕರೆಯುವ ಸಲಿಗೆಯ ಮಾತನ್ನು ಬಿಟ್ಟು, ಪರರನ್ನೂ ಆಳುಗಳನ್ನೂ ಕರೆಯುವ ಮಾತಿನಿಂದ ಅವನನ್ನು ಕರೆಯಲಾರಂಭಿಸಿದಳು. ಬಹು ವರುಷಗಳ ಮೇಲೆ ತನ್ನ ಬಾಲ್ಯವನ್ನು ಬರೆದಿಟ್ಟಾಗಲೂ ಫ್ರೋಬೆಲನು ಈ ಒಂದು ಮಾತಿನ ವ್ಯತ್ಯಾಸವನ್ನು ಮರೆತಿರಲಿಲ್ಲ. ಆಕೆಯ ಪಕ್ಷವನ್ನು ಹೇಳುವ ಬರವಣಿಗೆ ಯಾವದೂ ನಮ್ಮ ಕೈಗೆ ಬಂದಿಲ್ಲವಾದ್ದರಿಂದ ನಾವು ಆಕೆಯನ್ನು ಹೆಚ್ಚಾಗಿ ದೂಷಿಸಲಾರೆವು. ಹುಡುಗನ ಎದೆಯಲ್ಲಿ ಗಾಯವಾದದ್ದಂತೂ ನಿಜ.

ಹೊರಗೆ ಹೋಗಿ ಊರ ಹುಡುಗರ ಸಂಗಡ ಆಡುವದಕ್ಕೆ ಅವನಿಗೆ ಅಪ್ಪಣೆಯಿರಲಿಲ್ಲ. ಬೋಧಕರ ಮನೆ, ಅದರ ಹಿಂದಿನ ತೋಟ, ಪಕ್ಕದ ದೇವಾಲಯ, ಇಷ್ಟೇ ಅವನ ಲೋಕವು. ಗಂಡುಮಕ್ಕಳ ಶಾಲೆಗೆ ಕಳುಹಿಸದೆ ತಂದೆಯು ಅವನನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ಕೂರಿಸಿದನು. ಕಲಿಯುವದರಲ್ಲಿ ನಿಧಾನನೆಂದು ಮನೆಯಲ್ಲಿ ಅವನಿಗೆ ಹೆಸರಾಯಿತು. ಇಂಥ ದಿವಸಗಳಲ್ಲಿ ಒಂದು ಸಾರಿ ಅವನ ಅಣ್ಣನಾದ ಕ್ರಿಸ್ಟೋಫನು ಊರಿಗೆ ಬಂದಿದ್ದನು. ಅಲ್ಲಿಯ ಕಾಡುಗಳಲ್ಲಿ ಹೇಜಲ್ ಎಂಬ ಕಾಯಿಯ ಗಿಡ ಬೆಳೆಯುತ್ತದೆ. ಚಳಿಗಾಲ ಕಳೆಯುವ ಹೊತ್ತಿನಲ್ಲಿ ಅದರ ಮೊಗ್ಗಿನ ತುದಿಯಿಂದ ಕೂದಲೆಳೆಯಷ್ಟು ಸಣ್ಣಗಿರುವ ಕೆನ್ನೇರಳೆಯ ದಾರಗಳು ಹೊರಡುತ್ತವೆ. ಆ ಬಣ್ಣವನ್ನು ಕಂಡು ಹುಡುಗನು ಹಿಗ್ಗಿದಾಗ, ಅದೇ ಹೆಣ್ಣು ಹೂವೆಂದೂ, ಪಕ್ಕದಲ್ಲಿ ಜೋತಾಡುವ ಬಾಲದಂಥದು ಗಂಡು ಹೂವೆಂದೂ, ಸೃಷ್ಟಿಯೆಲ್ಲ ಹೀಗೆ ಜೋಡಿಜೋಡಿಯಾಗಿದೆಯೆಂದೂ ಅಣ್ಣನು ತೋರಿಸಿಕೊಟ್ಟನು. ಗಂಡುಹೆಂಡಿರ ಜಗಳಗಳನ್ನು ತಂದೆಯು ವಿಚಾರಿಸುವದನ್ನು ಕೇಳಿ ಕೇಳಿ ಕಳವಳಗೊಂಡಿದ್ದ ಆ ಎಳೆಯ ಮನಸ್ಸಿಗೆ ಇದರಿಂದ ದೊಡ್ಡ ಸಮಾಧಾನವಾಯಿತು. ಪುಸ್ತಕದ ಪಾಠಗಳು ಹತ್ತದಿದ್ದ ಹುಡುಗನಿಗೆ ಕೈಯಲ್ಲಿ ಹಿಡಿದ ಒಂದು ಮೊಗ್ಗಿನಿಂದ ಪಾಠವಾಯಿತೆಂಬದನ್ನು ವಾಚಕರು ಗಮನಿಸಬೇಕು.

ಹತ್ತನೆಯ ವರುಷದಲ್ಲಿ ತಾಯಿಯ ಅಣ್ಣನಾದ ಹೋಫ್‌ಮನ್ ಎಂಬ ಸಭಾಧಿಕಾರಿಯು ಬಂದು ಹುಡುಗನ ಸ್ಥಿತಿಯನ್ನು ಕಂಡು ಮರುಗಿ, ತನ್ನ ಊರಾದ ಷ್ಟಾಟ್‌ಇಲ್ಮಿಗೆ ಕರೆದುಕೊಂಡು ಹೋದನು. ಅಲ್ಲಿ ಐದು ವರುಷ ಅವನಿಗೆ ಪ್ರೀತಿಯೂ ಆಟವೂ ಒಡನಾಡಿಗಳೂ ದೊರೆತರು. ಅನಂತರ ಎರಡು ವರುಷ ಕಾಡಿನ ಅಧಿಕಾರಿಯೊಬ್ಬನ ಬಳಿಯಲ್ಲಿ ಕೆಲಸ ಕಲಿಯಲಿಕ್ಕೆ ಇದ್ದನು. ಆ ಯಜಮಾನನು ಕಲಿಸಿದ್ದು ಸ್ವಲ್ಪ. ಮರಗಿಡಗಳು ಕಲಿಸಿದ್ದು ಬಹಳ. ೧೭೯೯ರಲ್ಲಿ ಯೇನಾ ಪಟ್ಟಣದ ವಿಶ್ವವಿದ್ಯಾನಿಲಯಕ್ಕೆ ಸೇರಿದನು. ಇದ್ದ ಹಣದಲ್ಲಿ ಕೆಲವನ್ನು ಅಣ್ಣನೊಬ್ಬನಿಗೆ ಸಾಲವಾಗಿ ಕೊಟ್ಟು, ಅದು ಹಿಂದಿರುಗಿ ಬಾರದೆ, ಊಟದ ಸಾಲವನ್ನು ತೀರಿಸಲಾರದೆ ಒಂಬತ್ತು ವಾರ ಅಲ್ಲಿಯ ವಿದ್ಯಾರ್ಥಿಗಳ ಸೆರೆಯಲ್ಲಿ ಕೂತನು. ತಂದೆಯ ಆಸ್ತಿಯಲ್ಲಿ ತನಗೆ ಪಾಲು ಬೇಡವೆಂದು ಬರೆದುಕೊಟ್ಟ ಮೇಲೆ ಬಿಡುಗಡೆಯಾಯಿತು. ಹಣದ ವಿಷಯದಲ್ಲಿ ಈತನು ಎಂದಿಗೂ ಜಾಣನಾಗಲಿಲ್ಲವೆಂಬದನ್ನು ಇಲ್ಲಿಯೇ ಹೇಳಿಬಿಡುವದು ಒಳ್ಳೇದು.

ಕೆಲವು ವರುಷ ಲೆಕ್ಕ ಬರೆಯುತ್ತಾ, ಭೂಮಿಯನ್ನು ಅಳೆಯುತ್ತಾ ಅಲೆದು, ೧೮೦೫ರಲ್ಲಿ ಮನೆಕಟ್ಟುವ ವಿದ್ಯೆಯನ್ನು ಕಲಿಯಬೇಕೆಂದು ಫ್ರಾಂಕ್‌ಫರ್ಟ್ ಪಟ್ಟಣಕ್ಕೆ ಹೋದನು. ಅಲ್ಲಿಯ ಮಾದರಿ ಶಾಲೆಯ ಮುಖ್ಯಸ್ಥನಾದ ಗ್ರೂನರನು ಈತನ ಗುಣವನ್ನು ಅರಿತು, ಕಟ್ಟಡಗಳನ್ನು ಬಿಟ್ಟು ಮಕ್ಕಳಿಗೆ ಕಲಿಸಬೇಕೆಂದು ಪ್ರೇರೇಪಿಸಿದನು. ಮೊದಲನೆಯ ಸಾರಿ ತರಗತಿಯ ಮುಂದೆ ನಿಂತಾಗಲೇ, ನೀರಿಗೆ ಬಿಟ್ಟ ಮೀನಿನ ಹಾಗೆ, ಇದೇ ತನ್ನ ಸ್ಥಳವೆಂದು ಅವನಿಗೆ ತೋಚಿತು. ಆಗ ಸ್ವಿಟ್ಜರ್ಲೆಂಡಿನ ಇವರ್ಡನ್ ಎಂಬಲ್ಲಿ ಪೆಸ್ಟಲೋಜಿ ಎಂಬ ಪ್ರಸಿದ್ಧ ಗುರುವು ಶಾಲೆ ನಡಿಸುತ್ತಿದ್ದನು. ಬಾಯಿಪಾಠವನ್ನು ಬಿಟ್ಟು ಕಣ್ಣಿಗೆ ಕಾಣುವ ವಸ್ತುಗಳಿಂದ ಕಲಿಸಬೇಕೆಂಬದು ಆತನ ಪದ್ಧತಿ. ಫ್ರೋಬೆಲನು ಮೊದಲು ಎರಡು ವಾರಗಳ ಮಟ್ಟಿಗೂ, ಅನಂತರ ೧೮೦೮ರಿಂದ ೧೮೧೦ರ ವರೆಗೆ ತಾನು ಪಾಠ ಹೇಳುತ್ತಿದ್ದ ಮನೆತನದ ಹುಡುಗರನ್ನು ಕರೆದುಕೊಂಡೂ ಅಲ್ಲಿದ್ದನು. ಬರ್ಲಿನ್ ಪಟ್ಟಣದಲ್ಲಿ ವೈಸ್ ಎಂಬ ಪಂಡಿತನ ಕೈಕೆಳಗೆ ಹರಳುಗಳ ಶಾಸ್ತ್ರವನ್ನು ಓದಿ, ೧೮೧೩ರಲ್ಲಿ ನೆಪೋಲಿಯನನ ವಿರುದ್ಧವಾದ ಯುದ್ಧಕ್ಕೆ ಸ್ವಇಚ್ಛೆಯಿಂದ ಸೇರಿದನು. ದಂಡಿನ ಪಾಳೆಯದಲ್ಲಿ ಮಿಡ್ಡೆನ್‌ಡಾರ್ಫ್, ಲಾಂಗೆತಾಲ್ ಎಂಬ ಇಬ್ಬರು ದೇವಶಾಸ್ತ್ರದ ವಿದ್ಯಾರ್ಥಿಗಳ ಗೆಳೆತನವಾಯಿತು. ಯುದ್ಧದಿಂದ ಆತನಿಗೆ ಬಂದ ಲಾಭವು ಇದೇ.

ಅದೇ ೧೮೧೩ರಲ್ಲಿ ಹೂವಿನ ಪಾಠ ಹೇಳಿದ ಅಣ್ಣನು ಜ್ವರದಿಂದ ತೀರಿಕೊಂಡನು. ಅವನೂ ಗ್ರೀಸ್‌ಹೈಮ್ ಎಂಬ ಗ್ರಾಮದ ಬೋಧಕನಾಗಿದ್ದನು. ಯೂಲಿಯಸ್, ಕಾರ್ಲ್, ಥಿಯೋಡರ್ ಎಂಬ ಮೂವರು ಗಂಡುಮಕ್ಕಳು ತಂದೆಯಿಲ್ಲದವರಾದರು. ಹರಳುಗಳ ಸಂಗ್ರಹಾಲಯದಲ್ಲಿದ್ದ ಸಂಬಳದ ಉದ್ಯೋಗವನ್ನು ೧೮೧೬ರಲ್ಲಿ ಬಿಟ್ಟು, ಫ್ರೋಬೆಲನು ಗ್ರೀಸ್‌ಹೈಮಿಗೆ ಹೋಗಿ ಈ ಮೂವರನ್ನೂ ಇನ್ನೊಬ್ಬ ಅಣ್ಣನ ಇಬ್ಬರು ಮಕ್ಕಳನ್ನೂ ಇಟ್ಟುಕೊಂಡು ಶಾಲೆಯನ್ನು ತೆರೆದನು. ಈ ಹುಡುಗರಲ್ಲಿ ಕಾರ್ಲನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವರುಷ ಶಾಲೆಯು ಕೈಲ್‌ಹೌ ಎಂಬ ಕಣಿವೆಯ ಹಳ್ಳಿಗೆ ಹೋಯಿತು. ಗೆಳೆಯರಿಬ್ಬರೂ ಬಂದು ಕೂಡಿಕೊಂಡರು. ೧೮೧೮ರಲ್ಲಿ ಬರ್ಲಿನ್ ಪಟ್ಟಣದ ಸ್ಥಿತಿವಂತರ ಮಗಳಾದ ವಿಲ್ಹೆಲ್ಮೀನಳು ಈತನನ್ನು ಮದುವೆಯಾಗಿ, ಪಟ್ಟಣದ ಸೌಖ್ಯವನ್ನು ಬಿಟ್ಟು ಆ ಹಳ್ಳಿಯ ಬಡತನಕ್ಕೆ ಬಂದಳು. ಇವರಿಗೆ ಮಕ್ಕಳಾಗಲಿಲ್ಲ. ೧೮೨೬ರಲ್ಲಿ ಮನುಷ್ಯನ ಶಿಕ್ಷಣವನ್ನು ಕುರಿತು ಒಂದು ದೊಡ್ಡ ಪುಸ್ತಕವನ್ನು ಬರೆದನು. ಅದರಲ್ಲಿ ಆಳವಾದ ಮಾತುಗಳಿದ್ದಾಗ್ಯೂ ಓದುವವರ ತಲೆ ತಿರುಗುವಷ್ಟು ಸಿಕ್ಕಾದ ಬರವಣಿಗೆಯೂ ಉಂಟು. ಈತನ ನಿಜವಾದ ಪುಸ್ತಕವು ಈತನ ಕೈಕೆಲಸವೇ ಎಂದು ನಮ್ಮ ಎಣಿಕೆ.

ಶಾಲೆಯ ಮೇಲೆ ಸರಕಾರದವರ ಸಂಶಯದ ಕಣ್ಣು ಬಿದ್ದು ಮಕ್ಕಳು ಕಡಿಮೆಯಾದಾಗ, ಅದನ್ನು ಗೆಳೆಯರಿಗೆ ಒಪ್ಪಿಸಿ ೧೮೩೧ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋದನು. ೧೮೩೫ರಲ್ಲಿ ಬುರ್ಗ್‌ಡಾರ್ಫ್ ಪಟ್ಟಣದ ಅನಾಥಾಲಯದ ಮುಖ್ಯಸ್ಥನಾದನು. ಶಾಲೆಗೆ ಬರುವ ಹೊತ್ತಿಗೇ ಮಕ್ಕಳ ಕಣ್ಣು ಕೈಗಳು ಹಿಡಿತವಿಲ್ಲದೆ, ಮನಸ್ಸು ಮುರುಟಿಕೊಂಡಿರುವದನ್ನು ಬಹು ಕಾಲ ನೋಡಿದ ಮೇಲೆ, ಕಲಿಸುವ ಕೆಲಸವು ಶಾಲೆಗಿಂತ ಮುಂಚೆಯೇ, ತೊಟ್ಟಿಲಿನಿಂದಲೇ, ಮೊದಲಾಗಬೇಕೆಂದು ಅವನಿಗೆ ಸ್ಪಷ್ಟವಾಯಿತು. ಹೆಂಡತಿಯ ಆರೋಗ್ಯವು ಕೆಟ್ಟದ್ದರಿಂದ ೧೮೩೬ರಲ್ಲಿ ಜರ್ಮನಿಗೆ ಹಿಂದಿರುಗಿ, ೧೮೩೭ರಲ್ಲಿ ಕೈಲ್‌ಹೌವಿಗೆ ಸಮೀಪವಾದ ಬ್ಲಾಂಕೆನ್‌ಬುರ್ಗ್ ಎಂಬ ಚಿಕ್ಕ ಪಟ್ಟಣದಲ್ಲಿ ನೆಲಸಿದನು. ಆಗ ಆತನಿಗೆ ಐವತ್ತೈದು ವರುಷ. ಅನೇಕರು ಕೆಲಸದಿಂದ ವಿಶ್ರಮಿಸಿಕೊಳ್ಳುವ ಈ ಪ್ರಾಯದಲ್ಲಿ ಅವನು ಚೆಂಡುಗಳನ್ನು ಮಾಡಿಸಲಿಕ್ಕೆ ಕೂತನು.

ಈ ಆಟದ ಸಾಮಾನುಗಳಿಗೆ ಅವನು ಕೊಡುಗೆಗಳೆಂದು ಹೆಸರಿಟ್ಟನು. ಎರಡನೆಯ ಕೊಡುಗೆಯು ಮರದ ಗುಂಡು, ಉರುಳೆ, ಚೌಕದ ಗಟ್ಟಿ. ಮೂರನೆಯದು ಎಂಟು ಚಿಕ್ಕ ಗಟ್ಟಿಗಳಾಗಿ ಬಿಡಿಸಬಹುದಾದ ಒಂದು ಚೌಕದ ಗಟ್ಟಿ. ಹೀಗೆ ಮುಂದೆ ಮುಂದೆ ಹೋಗುತ್ತವೆ. ಹರಳುಗಳ ಅಧ್ಯಯನವು ಇವುಗಳಲ್ಲಿ ಕಾಣುತ್ತದೆ. ಆದರೆ ಹಳ್ಳಿಯ ಮನೆಗೆ ಹತ್ತಿರವಾದದ್ದು ಮೊದಲನೆಯ ಕೊಡುಗೆಯೇ. ಸುಮಾರು ಒಂದೂವರೆ ಅಂಗುಲ ಅಗಲದ ಆರು ಮೆತ್ತನೆಯ ಚೆಂಡುಗಳು. ಅವುಗಳಿಗೆ ಉಣ್ಣೆಯ ನೂಲಿನಿಂದ ಹೆಣೆದ ಹೊದಿಕೆ. ತೂಗಾಡಿಸುವದಕ್ಕೆ ಒಂದೊಂದು ದಾರ. ಬಣ್ಣಗಳು ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ, ನೇರಳೆ. ಮಳೆಬಿಲ್ಲಿನಲ್ಲಿ ಹೇಗೋ ಹಾಗೆಯೇ ಇವುಗಳ ಕ್ರಮ. ಕೆಂಪು ಹಳದಿಗಳ ನಡುವೆ ಎರಡಕ್ಕೂ ಸಂಬಂಧವುಳ್ಳ ಕಿತ್ತಳೆ, ಹಳದಿ ನೀಲಿಗಳ ನಡುವೆ ಹಸುರು, ನೀಲಿ ಕೆಂಪುಗಳ ನಡುವೆ ನೇರಳೆ ಇರುವದರಿಂದ, ಒಂದಕ್ಕೊಂದು ದೂರವಾದವುಗಳನ್ನು ನಡುವಿನದೊಂದು ಬಂದು ಕೂಡಿಸುತ್ತದೆಂಬ ತತ್ವವನ್ನು ಮಗುವು ಕಣ್ಣಿನಿಂದಲೇ ಗ್ರಹಿಸುವದೆಂದು ಫ್ರೋಬೆಲನು ಎಣಿಸಿದನು. ನಮ್ಮ ಭಾಷೆಯ ಸೊಗಸನ್ನು ಇಲ್ಲಿ ನೋಡಬೇಕು: ಕಿತ್ತಳೆ ನೇರಳೆಗಳೆಂಬ ಎರಡು ಬಣ್ಣಗಳಿಗೆ ನಮ್ಮವರು ಹಣ್ಣುಗಳ ಹೆಸರನ್ನೇ ಇಟ್ಟಿದ್ದಾರೆ. ನೇರಳೆಹಣ್ಣು ತಿಂದು ನಾಲಿಗೆಯನ್ನು ಚಾಚಿ ತೋರಿಸುವ ಮಗುವಿಗೆ ಆ ಬಣ್ಣವನ್ನು ಬೇರೆ ಕಲಿಸುವದು ಯಾತಕ್ಕೆ?

ಆಟದ ರೀತಿಯು ಹೀಗೆ. ಮೊದಲು ಒಂದೇ ಚೆಂಡನ್ನು ದಾರದಿಂದ ಕೂಸಿನ ಕಣ್ಣಿನ ಮುಂದೆ ಮೆಲ್ಲಗೆ ತೂಗುವದು. ಕೂಸು ಹಿಡಿಯಲು ಕಲಿತ ಮೇಲೆ ಅದರ ಕೈಯಲ್ಲಿ ಕೊಟ್ಟು ಮೆಲ್ಲಗೆ ಎಳೆಯುವದು, ಸೆರಗಿನಲ್ಲಿ ಬಚ್ಚಿಟ್ಟು ಮತ್ತೆ ತೋರಿಸುವದು. ಮೇಲೆ, ಕೆಳಗೆ, ಇದೆ, ಇಲ್ಲ, ಬಂತು, ಹೋಯಿತು ಎಂಬ ಮಾತುಗಳನ್ನು ರಾಗವಾಗಿ ಹೇಳುವದು. ತಾಯಿಯು ಸುಮ್ಮನೆ ಚೆಂಡನ್ನು ಎಸೆದು ತನ್ನ ಕೆಲಸಕ್ಕೆ ಹೋಗಬಾರದು. ಆಕೆಯ ದನಿಯೂ ಮುಖವೂ ಆಟದಲ್ಲಿ ಸೇರಬೇಕು. ಒಂದು ಚೆಂಡು ಪರಿಚಯವಾದ ಮೇಲೆ ಬೇರೆ ಬಣ್ಣದ ಇನ್ನೊಂದು. ಆಕಾರ ಒಂದೇ, ಮೆತ್ತಗಿರುವದು ಒಂದೇ, ಬಣ್ಣ ಮಾತ್ರ ಬೇರೆ. ಆದಕಾರಣ ಮಗುವಿನ ಗಮನವು ತಾನಾಗಿ ಬಣ್ಣದ ಮೇಲೆಯೇ ನಿಲ್ಲುತ್ತದೆ. ಈ ಒಂದು ಸಂಗತಿಯಲ್ಲಿ ಫ್ರೋಬೆಲನ ಜಾಣತನವೆಲ್ಲ ಅಡಗಿದೆ. ಬಣ್ಣವನ್ನು ಕಲಿಸಬೇಕಾದರೆ ಬಣ್ಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಮವಾಗಿರಬೇಕು. ಕೆಂಪು ಕುದುರೆಯನ್ನೂ ನೀಲಿ ಬಂಡಿಯನ್ನೂ ಮುಂದಿಟ್ಟರೆ ಕುದುರೆ ಬಂಡಿಗಳನ್ನು ನೋಡುವದೇ ಹೊರತು ಕೆಂಪು ನೀಲಿಗಳನ್ನು ಮಗು ನೋಡುವದಿಲ್ಲ.

ಇದೇ ಮಾತನ್ನು ಹಿಡಿದು ಮಾರಿಯಾ ಮಾಂಟೆಸೊರಿ ಎಂಬ ಇಟಲಿ ದೇಶದ ವೈದ್ಯಳು ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ತೆರೆದ ಶಿಶುಗೃಹದ ಕೆಲಸದಲ್ಲಿ ಬಣ್ಣದ ರೇಷ್ಮೆ ಸುತ್ತಿದ ಸಮಾನವಾದ ಹಲಗೆಗಳನ್ನು ಉಪಯೋಗಿಸಿದಳು. ಮೊದಲು ಕೆಂಪು, ಹಳದಿ, ನೀಲಿ ಎಂಬ ಮೂರು ಜೋಡಿಗಳನ್ನು ಬೆರಸಿಟ್ಟು ಮಗುವಿನಿಂದ ಜೋಡಿಸುವದು. ಆಮೇಲೆ ಹೆಚ್ಚು ಜೋಡಿಗಳು. ಕಡೆಗೆ ಒಂದೇ ಬಣ್ಣದ ಏಳು ಛಾಯೆಗಳನ್ನು ಗಾಢವಾದದ್ದರಿಂದ ತಿಳಿಯಾದದ್ದರ ವರೆಗೆ ಸಾಲಾಗಿ ಇಡಿಸುವದು. ಈಕೆಯು ೧೯೩೯ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ೧೯೪೬ರ ವರೆಗೆ ನಮ್ಮ ದೇಶದಲ್ಲಿದ್ದು ಅನೇಕ ಶಿಕ್ಷಕರನ್ನು ತರಬೇತು ಮಾಡಿದ್ದರಿಂದ, ಈ ಆಟವು ನಮ್ಮ ನಾಡಿನ ಶಿಶುವಿಹಾರಗಳಿಗೂ ಬಂತು.

ಆದರೆ ಇದಕ್ಕೆ ಶಿಶುವಿಹಾರವೇ ಬೇಕೆಂದಿಲ್ಲ, ರೇಷ್ಮೆಯೂ ಬೇಕಾಗಿಲ್ಲ. ದರ್ಜಿಯ ಅಂಗಡಿಯಲ್ಲಿ ಬೀಳುವ ಚೂರುಬಟ್ಟೆಗಳನ್ನು ಕೇಳಿ ತಂದು, ಬಣ್ಣ ಬಿಡದಂತೆ ಚೆನ್ನಾಗಿ ಒಗೆದು, ಒಂದೇ ಅಳತೆಯ ಚೀಲಗಳನ್ನು ಹೊಲಿದು, ಒಳಗೆ ಹತ್ತಿಯನ್ನು ತುಂಬಿ ಬಾಯಿ ಮುಚ್ಚಿದರೆ ಚೆಂಡುಗಳಾದವು. ಪ್ರತಿ ಬಣ್ಣಕ್ಕೆ ಎರಡೆರಡು ಮಾಡುವದು ಒಳ್ಳೇದು. ಎರಡು ವರುಷದ ಆಸುಪಾಸಿನ ಮಗುವಿನ ಮುಂದೆ ಕೆಂಪಿನವೆರಡನ್ನೂ ಹಳದಿಯವೆರಡನ್ನೂ ಮಾತ್ರ ಬೆರಸಿ ಇಟ್ಟು, ಎರಡು ಪುಟ್ಟಿಗಳಲ್ಲಿ ಒಂದೊಂದನ್ನು ತಾಯಿಯೇ ಹಾಕಿ ತೋರಿಸಿ, ಉಳಿದವುಗಳನ್ನು ಮಗುವಿಗೆ ಬಿಡಬೇಕು. ತಪ್ಪಿ ಹಾಕಿದರೆ ಗದರಿಸಬಾರದು, ತಲೆಯ ಮೇಲೆ ಮೊಟಕಲೂಬಾರದು. ತಾಯಿಯು ತನ್ನದನ್ನು ಮತ್ತೊಮ್ಮೆ ಸರಿಯಾಗಿ ಹಾಕಿ ತೋರಿಸಿದರೆ ಸಾಕು. ಹೆಸರು ಹೇಳಲಾರದ ಮಗು ಜೋಡಿಸಬಲ್ಲದು. ಜೋಡಿಸುವದು ಮೊದಲು, ಹೆಸರು ಆಮೇಲೆ. ಮೂರು ವರುಷವಾದ ಮೇಲೆಯೂ ಹಸುರನ್ನು ನೀಲಿಯೆಂದು ಹೇಳುವ ಮಕ್ಕಳು ಬಹಳ. ಗಂಡುಮಕ್ಕಳಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸುರುಗಳ ಭೇದ ಕಾಣುವದಿಲ್ಲವೆಂಬದನ್ನೂ ತಾಯಂದಿರು ತಿಳಿದಿರಬೇಕು. ಅದು ಮೊಂಡುತನವಲ್ಲ, ದಡ್ಡತನವೂ ಅಲ್ಲ.

ನಾವು ಒಂದು ಮನೆಗೆ ಹೋಗಿದ್ದಾಗ ಅಜ್ಜಿಯು ಮೊರದಲ್ಲಿ ಹೆಸರುಕಾಳಿನ ಜೊತೆ ಬೆರೆತುಹೋಗಿದ್ದ ತೊಗರಿಬೇಳೆಯನ್ನು ಆರಿಸುತ್ತಿದ್ದಳು. ಮಗ್ಗುಲಲ್ಲಿ ಕೂತಿದ್ದ ಮೊಮ್ಮಗಳು, ಇನ್ನೂ ಸರಿಯಾಗಿ ಮಾತು ಬಾರದವಳು, ಹಸುರನ್ನು ಹಸುರಿನ ಕಡೆಗೂ ಹಳದಿಯನ್ನು ಹಳದಿಯ ಕಡೆಗೂ ಒಂದೊಂದಾಗಿ ಸರಿಸುತ್ತಿದ್ದಳು. ಅಜ್ಜಿಯು ಕೆಲಸ ಕೆಡುತ್ತದೆಂದು ಎರಡು ಸಾರಿ ಕೈಯನ್ನು ತಳ್ಳಿದಳು. ಮೂರನೆಯ ಸಾರಿ ನೋಡಿ ಸುಮ್ಮನಾದಳು. ಆ ದಿವಸ ನಮಗೆ ಫ್ರೋಬೆಲನ ನೆನಪಾಯಿತು. ಆದರೆ ಮೂರು ವರುಷಕ್ಕಿಂತ ಚಿಕ್ಕವರ ಕೈಗೆ ಕಾಳು, ಗುಂಡಿ, ಹುಣಿಸೆಬೀಜ, ಬಳೆಚೂರುಗಳನ್ನು ಕೊಟ್ಟು ತಾಯಿ ಎದ್ದು ಹೋಗಬಾರದು. ಅವು ಮೂಗಿಗೂ ಗಂಟಲಿಗೂ ಹೋಗಿ ಪ್ರಾಣಕ್ಕೆ ಬರುತ್ತವೆ. ಹೂವುಗಳಿಂದ ಆಡಿಸುವದು ಇನ್ನೂ ಚೆಂದ. ದಾಸವಾಳದ ಕೆಂಪು, ಕನಕಾಂಬರದ ಕಿತ್ತಳೆ, ಸೇವಂತಿಗೆಯ ಹಳದಿ, ಶಂಖಪುಷ್ಪದ ನೀಲಿ, ಇವುಗಳನ್ನು ನಾಲ್ಕು ಎಲೆಗಳ ಮೇಲೆ ಬೇರೆ ಬೇರೆಯಾಗಿ ಇಡಿಸಬಹುದು. ಕಣಗಿಲೆಯನ್ನು ಮಾತ್ರ ತರಬಾರದು, ಅದು ವಿಷ.

ಚರಿತ್ರೆಗೆ ಹಿಂದಿರುಗೋಣ. ಕೊಡುಗೆಗಳ ಕೆಲಸವು ನಡೆಯುತ್ತಿರುವಾಗಲೇ ೧೮೩೯ರ ಮೇ ತಿಂಗಳಲ್ಲಿ ವಿಲ್ಹೆಲ್ಮೀನಳು ತೀರಿಕೊಂಡಳು. ತನ್ನ ಸಂಸ್ಥೆಗೆ ತಕ್ಕ ಹೆಸರು ಸಿಕ್ಕದೆ ಬಹು ದಿವಸ ಯೋಚಿಸುತ್ತಿದ್ದ ಫ್ರೋಬೆಲನು ಒಮ್ಮೆ ಗೆಳೆಯರ ಸಂಗಡ ಬೆಟ್ಟದ ದಾರಿಯಿಂದ ಬ್ಲಾಂಕೆನ್‌ಬುರ್ಗಿಗೆ ನಡೆದುಬರುತ್ತಿರುವಾಗ, ಕೆಳಗೆ ಹಸುರಾಗಿ ಹರಡಿದ್ದ ಕಣಿವೆಯನ್ನು ಕಂಡು ತಟ್ಟನೆ ನಿಂತು, ಮಕ್ಕಳ ತೋಟವೆಂಬ ಹೆಸರನ್ನು ಕಂಡುಕೊಂಡನಂತೆ. ೧೮೪೦ನೆಯ ಇಸವಿ ಜೂನ್ ೨೮ರಂದು, ಅಚ್ಚಿನ ಕಲೆಗೆ ನಾನೂರು ವರುಷವಾದ ಹಬ್ಬದ ದಿನವೇ, ಆ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ದೇಶದ ಸ್ತ್ರೀಯರೆಲ್ಲರೂ ಪಾಲುಗಳನ್ನು ಕೊಂಡು ಇದನ್ನು ನಡಿಸುವರೆಂದು ಅವನು ನಂಬಿದ್ದನು, ಕೊಂಡವರು ಕೆಲವರೇ. ೧೮೪೪ರಲ್ಲಿ ತಾಯಂದಿರಿಗೋಸ್ಕರ ಬೆರಳಾಟಗಳ ಹಾಡುಗಳನ್ನೂ ಚಿತ್ರಗಳನ್ನೂ ಸೇರಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಊರಿಂದೂರಿಗೆ ತಿರುಗಿ ತಾಯಂದಿರಿಗೂ ಯುವತಿಯರಿಗೂ ಈ ಆಟಗಳನ್ನು ತೋರಿಸಿದನು. ಮಕ್ಕಳ ಶಿಕ್ಷಣಕ್ಕೆ ಹೆಂಗಸರನ್ನು ತರಬೇತು ಮಾಡಿ ಸಂಬಳದ ಕೆಲಸಕ್ಕೆ ನಿಲ್ಲಿಸುವದು ಆ ಕಾಲದ ಗಂಡಸರಾದ ಉಪಾಧ್ಯಾಯರಿಗೆ ನಗೆಯ ಮಾತಾಗಿತ್ತು.

೧೮೪೯ರಲ್ಲಿ ಲೀಬೆನ್‌ಷ್ಟೈನ್ ಎಂಬ ಊರಿನಲ್ಲಿ, ಆರೋಗ್ಯಕ್ಕಾಗಿ ನೀರಿನ ಊಟೆಗಳಿಗೆ ಬರುವ ದೊಡ್ಡ ಮನುಷ್ಯರ ನಡುವೆ, ನೆರೆದ ತಲೆಯ ಉದ್ದ ಕೂದಲಿನ ಮುದುಕನೊಬ್ಬನು ಹಳ್ಳಿಯ ಮಕ್ಕಳ ಕೈಹಿಡಿದು ಕುಣಿಯುತ್ತಾ ಹಾಡುತ್ತಾ ಗುಡ್ಡದ ಮೇಲೆ ಹೋಗುತ್ತಿದ್ದನು. ಊರವರು ಅವನನ್ನು ಮರುಳ ಮುದುಕನೆಂದು ಕರೆಯುತ್ತಿದ್ದರು. ಮಾರೆನ್‌ಹೋಲ್ಟ್ಸ್ ಎಂಬ ಕುಲೀನ ಸ್ತ್ರೀಯು ಅದನ್ನು ಕೇಳಿ, ನೋಡಲಿಕ್ಕೆ ಹೋಗಿ, ಅವನ ಶಿಷ್ಯಳೇ ಆದಳು. ಶಿಕ್ಷಣದಲ್ಲಿ ಹೆಸರುವಾಸಿಯಾದ ಡೀಸ್ಟರ್‌ವೆಗನನ್ನು ಆಕೆಯೇ ಕರೆತಂದಳು. ಅವನು ನಗುತ್ತಾ ಬಂದು ಗೆಳೆಯನಾಗಿ ಹೋದನು. ಆಕೆಯ ಪ್ರಯತ್ನದಿಂದಲೇ ಮೈನಿಂಗೆನ್ ಸಂಸ್ಥಾನದ ಪ್ರಭುವು ೧೮೫೦ರಲ್ಲಿ ಮರೀಯೆಂತಾಲ್ ಎಂಬ ತನ್ನ ಬೇಟೆಯ ಮನೆಯನ್ನು ಫ್ರೋಬೆಲನಿಗೆ ಬಿಟ್ಟುಕೊಟ್ಟನು. ಅಲ್ಲಿ ಅವನು ಯುವತಿಯರಿಗೆ ಕಲಿಸುತ್ತಿದ್ದನು. ೧೮೫೧ರ ಜೂನಿನಲ್ಲಿ, ಬಂಧುಗಳಿಗೆ ಮನಸ್ಸಿಲ್ಲದಿದ್ದಾಗ್ಯೂ, ತನಗಿಂತ ಮೂವತ್ತು ವರುಷಕ್ಕೂ ಹೆಚ್ಚು ಚಿಕ್ಕವಳಾದ ಶಿಷ್ಯಳು ಲೂಯಿಸೆ ಲೆವಿನಳನ್ನು ಮದುವೆಯಾದನು.

ಎರಡು ತಿಂಗಳೊಳಗಾಗಿ ಸಿಡಿಲು ಬಡಿಯಿತು. ೧೮೫೧ನೆಯ ಇಸವಿ ಆಗಸ್ಟ್ ೭ರಂದು ಪ್ರಷ್ಯ ರಾಜ್ಯದ ಮಂತ್ರಿಯಾದ ಫಾನ್ ರೌಮರನು ತನ್ನ ಸೀಮೆಯಲ್ಲೆಲ್ಲ ಮಕ್ಕಳ ತೋಟಗಳನ್ನು ನಿಷೇಧಿಸಿದನು. ಅವು ಫ್ರೋಬೆಲನ ಸಮಾಜವಾದದ ಒಂದು ಅಂಗವೆಂದೂ, ಎಳೆಯರನ್ನು ನಾಸ್ತಿಕರನ್ನಾಗಿ ಮಾಡತಕ್ಕವೆಂದೂ ಅಪವಾದ. ಸ್ತ್ರೀಯರ ಉನ್ನತ ಶಾಲೆಗಳನ್ನೂ ಮಕ್ಕಳ ತೋಟಗಳನ್ನೂ ಕುರಿತು ಒಂದು ಚಿಕ್ಕ ಪುಸ್ತಕವು ಅಚ್ಚಾಗಿತ್ತು; ಅದನ್ನು ಬರೆದವನು ಈತನಲ್ಲ, ಅಣ್ಣನ ಮಗನಾದ ಕಾರ್ಲನು. ತಂದೆಯಿಲ್ಲದ ಯಾವ ಹುಡುಗರಿಗೋಸ್ಕರ ಫ್ರೋಬೆಲನು ಮೂವತ್ತೈದು ವರುಷಗಳ ಹಿಂದೆ ಸಂಬಳವನ್ನು ಬಿಟ್ಟು ಬಂದಿದ್ದನೋ ಅವರಲ್ಲಿ ಒಬ್ಬನ ಪುಸ್ತಕದಿಂದ ಮುದುಕನ ಕೆಲಸಕ್ಕೆ ಬೀಗ ಬಿತ್ತು. ಇನ್ನೊಬ್ಬನಾದ ಯೂಲಿಯಸನು ೧೮೪೮ರ ಕ್ರಾಂತಿಯಲ್ಲಿ ಸೇರಿ ಸರಕಾರದ ಕೋಪಕ್ಕೆ ಗುರಿಯಾಗಿದ್ದದೂ ಮನೆತನದ ಹೆಸರಿಗೆ ಹಾನಿಯಾಗಿತ್ತು. ಪುಸ್ತಕವು ತನ್ನದಲ್ಲವೆಂದು ಫ್ರೋಬೆಲನು ಮಂತ್ರಿಗೂ ಅರಸನಿಗೂ ಬರೆದು ತಿಳಿಸಿದನು. ತಪ್ಪು ಸ್ಪಷ್ಟವಾದ ಮೇಲೆಯೂ ಆಜ್ಞೆಯು ತಿರುಗಲಿಲ್ಲ. ಬೋಧಕನ ಮಗನಾಗಿ ಹುಟ್ಟಿ, ಪ್ರತಿಯೊಂದು ವಸ್ತುವಿನಲ್ಲಿಯೂ ಸೃಷ್ಟಿಕರ್ತನ ಗುರುತನ್ನು ಹುಡುಕಿದವನಿಗೆ ನಾಸ್ತಿಕನೆಂಬ ಹೆಸರು ಬಂದದ್ದು ಎಷ್ಟು ಕಹಿಯಾಗಿತ್ತೆಂದು ನಾವು ಊಹಿಸಿಕೊಳ್ಳಬೇಕು. ಅಮೆರಿಕಕ್ಕೆ ಹೊರಟುಹೋಗಬೇಕೆಂದು ಕೂಡ ಅವನು ಯೋಚಿಸಿದನು.

೧೮೫೨ರ ಏಪ್ರಿಲ್ ೨೧ರಂದು ಮರೀಯೆಂತಾಲಿನಲ್ಲಿ ಮಕ್ಕಳೂ ಶಿಷ್ಯಳಂದಿರೂ ಹಾಡಿ ಅವನ ಎಪ್ಪತ್ತನೆಯ ಹುಟ್ಟುಹಬ್ಬವನ್ನು ನಡಿಸಿದರು. ಅನಂತರ ಗೋಥಾ ಪಟ್ಟಣದಲ್ಲಿ ಕೂಡಿದ್ದ ಉಪಾಧ್ಯಾಯರ ದೊಡ್ಡ ಸಭೆಗೆ ಅವನು ಬಂದಾಗ, ಹಿಂದೆ ನಕ್ಕಿದ್ದ ವರ್ಗದವರೆಲ್ಲರೂ ಒಟ್ಟಾಗಿ ಎದ್ದು ನಿಂತರು. ಜೂನ್ ೨೧ರಂದು ಅವನು ತೀರಿಕೊಂಡನು. ಕಡೇ ದಿವಸಗಳಲ್ಲಿ ಹೂವುಗಳನ್ನು ಹಾಸಿಗೆಯ ಹತ್ತಿರ ಇಡಬೇಕೆಂದೂ ಕಿಟಕಿಯನ್ನು ತೆರೆದಿಡಬೇಕೆಂದೂ ಕೇಳುತ್ತಿದ್ದನು. ಷ್ವೈನಾ ಗ್ರಾಮದಲ್ಲಿರುವ ಅವನ ಸಮಾಧಿಯ ಮೇಲೆ ಮಿಡ್ಡೆನ್‌ಡಾರ್ಫನು ಚೌಕದ ಗಟ್ಟಿಯ ಮೇಲೆ ಉರುಳೆಯನ್ನೂ ಅದರ ಮೇಲೆ ಗುಂಡನ್ನೂ ಕಲ್ಲಿನಲ್ಲಿ ಮಾಡಿಸಿ ನಿಲ್ಲಿಸಿದನು.

ನಿಷೇಧವಾದ ಮಕ್ಕಳ ತೋಟಗಳು ಬೇರೆ ದೇಶಗಳಲ್ಲಿ ಚಿಗುರಿದವು. ೧೮೫೧ರಲ್ಲಿ ಲಂಡನಿನಲ್ಲಿಯೂ, ೧೮೫೬ರಲ್ಲಿ ಅಮೆರಿಕದ ವಿಸ್ಕಾನ್‌ಸಿನ್ ಸೀಮೆಯ ವಾಟರ್‌ಟೌನ್ ಎಂಬಲ್ಲಿಯೂ ಜರ್ಮನಿಯಿಂದ ಹೋದ ಹೆಂಗಸರೇ ಅವನ್ನು ತೆರೆದರು. ಕೆಲವು ಕಡೆಗಳಲ್ಲಿ ಹಿಂಬಾಲಿಸಿದವರು ಕೊಡುಗೆಗಳನ್ನು ಕವಾಯಿತಿನಂತೆ ಎಣಿಸಿ ಹಿಡಿಸಿ ಇಡಿಸಿ, ಆಟದ ಜೀವವನ್ನೇ ತೆಗೆದರೆಂಬದನ್ನೂ ಮುಚ್ಚಿಡಬಾರದು. ಪ್ರಷ್ಯದ ಆಜ್ಞೆಯು ೧೮೬೦ರಲ್ಲಿ ರದ್ದಾಯಿತು. ಲೂಯಿಸೆ ಫ್ರೋಬೆಲಳು ಗಂಡನೊ೦ದಿಗೆ ಬಾಳಿದ್ದು ಒಂದೇ ವರುಷ. ಅನಂತರ ಹ್ಯಾಂಬುರ್ಗ್ ನಗರಕ್ಕೆ ಹೋಗಿ, ಯುವತಿಯರಿಗೆ ಚಿಕ್ಕ ಮಕ್ಕಳನ್ನು ಆಡಿಸುವ ವಿದ್ಯೆಯನ್ನು ಕಲಿಸುತ್ತಾ, ೧೯೦೦ನೆಯ ಇಸವಿಯ ಜನವರಿಯಲ್ಲಿ ತೀರಿಕೊಂಡಳು.